ಎಂಜಿನ್ ನಿಂತ ಜಾಗ

ಫೆಬ್ರವರಿ 11

ಬ್ರೇಕ್‌ರಾಯನಿಗೆ,

ಈ ಹೆಸರು ನೆನಪಿದೆ ತಾನೇ? ಆರು ವರ್ಷದ ಹಿಂದೆ ನಿನ್ನನ್ನು ನಮ್ಮ ಮೆಟ್ಟಿಲು ಇಳಿಸಿದಾಗ ಮೇಲಿನಿಂದ ಕೂಗಿದ ಕೊನೆಯ ಮಾತು ಅದೇ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಈಗ ಬರೆಯುತ್ತಿರುವುದೂ ರಾಜಿಗೆಂದು ತಿಳಿಯಬೇಡ. ಒಂದು ಕೆಲಸ ಆಗಬೇಕಾಗಿದೆ, ಅದು ನಿನ್ನನ್ನು ಬಿಟ್ಟರೆ ಬೇರೆ ಯಾರಿಗೂ ಬರುವುದಿಲ್ಲ, ಅಷ್ಟೇ.

ನನ್ನ ಕೈಗಳು ಹೋಗುತ್ತಿವೆ. ಈ ಅಕ್ಷರ ನೋಡಿದರೇ ನಿನಗೆ ಗೊತ್ತಾಗುತ್ತದೆ, ಕೋಳಿ ಕೆದರಿದ ಹಾಗಿದೆ. ನರಗಳು ಸ್ನಾಯುಗಳಿಗೆ ಹೇಳಿಕಳಿಸುವುದನ್ನು ಒಂದೊಂದಾಗಿ ನಿಲ್ಲಿಸುವ ಕಾಯಿಲೆಯಂತೆ. ಡಾಕ್ಟರು ಹೇಳಿದರು: "ಮೊದ್ಲು ಕೈ, ಆಮೇಲೆ ಕಾಲು, ಮಾತು, ಕೊನೆಗೆ ಉಸಿರು. ಆದ್ರೆ ತಲೆ ಮಾತ್ರ ಚೆನ್ನಾಗೇ ಇರುತ್ತೆ." ಏನೋ ದೊಡ್ಡ ರಿಯಾಯಿತಿ ತೋರಿಸಿದವರ ಹಾಗೆ ಹೇಳಿದರು. ಇಪ್ಪತ್ತಾರು ವರ್ಷ ಊರಿನೊಳಗೆ ಬಸ್ಸು ಓಡಿಸಿದವನು ನಾನು, ಒಂದು ಗೀರು ಬೀಳಿಸಿಲ್ಲ. ನವೆಂಬರಿನಲ್ಲಿ ಡಿಪೋದವರು ಬ್ಯಾಡ್ಜು ವಾಪಸ್ಸು ತೆಗೆದುಕೊಂಡು ಕೈಗಡಿಯಾರ ಕೊಟ್ಟರು. ಅದರ ಪಟ್ಟಿ ಬಿಗಿಯಲು ನನಗೆ ಆಗಲಿಲ್ಲ.

ಮೇಲಿನ ಕೋಣೆಯಲ್ಲಿ ನಾವು ಕಟ್ಟಿದ ಪುಟ್ಟ ರೈಲು ಹಾಗೆಯೇ ಇದೆ. ಈ ಕಡೆ ಒಂದು ಸ್ಟೇಷನ್, ನಡುವೆ ಸುರಂಗ, ಆ ಕಡೆ ಇನ್ನೊಂದು ಸ್ಟೇಷನ್, ಹಳಿ ಮುಗಿಯುವಲ್ಲಿ ಮರದ ತಡೆ. ದಿನಾ ಬೆಳಿಗ್ಗೆ ಓಡಿಸುತ್ತೇನೆ. ಈಗ ವೇಗದ ತಿರುಪನ್ನು ತಿರುಗಿಸಲು ಬೆರಳು ಕೇಳುತ್ತಿಲ್ಲ. ಮುಷ್ಟಿಯಲ್ಲಿ ಒತ್ತಿ ಓಡಿಸುವಂಥದ್ದು ಏನಾದರೂ ಮಾಡಿ ಕಳಿಸು. ಒಂದೇ ಷರತ್ತು: ನಾನು ಒತ್ತಿದರೆ ಹೋಗಬೇಕು, ಬಿಟ್ಟರೆ ನಿಲ್ಲಬೇಕು, ತಪ್ಪಿದರೆ ಗುದ್ದಬೇಕು. ನಡುವೆ ನಿನ್ನ ಮೂಗು ತೂರಿಸಬೇಡ.

ಫೋನು ಮಾಡಬೇಡ. ನಾಲಗೆ ಈಗಲೇ ತೊದಲುತ್ತಿದೆ, ಕುಡಿದು ಮಾತಾಡಿದ ಹಾಗೆ ಕೇಳಿಸುತ್ತದೆ.

ಇಂತಿ,
ಇನ್ನೂ ಡ್ರೈವರ್

*

ಫೆಬ್ರವರಿ 27

ದೊರೆ,

ನಿನ್ನ ಪತ್ರ ಓದಿದೆ. ಸಮಾಧಾನದ ಮಾತು ಬರೆದರೆ ನೀನು ಹರಿದು ಬಿಸಾಕುತ್ತೀಯ. ಹಾಗಾಗಿ ಪೆಟ್ಟಿಗೆ ಮಾಡಿದೆ.

ಒಳಗಿರುವ ದೊಡ್ಡ ದುಂಡು ಗುಂಡಿ ನಾವು ಕಳಚಿಹಾಕಿದ ಒಂದು ಹಳೆಯ ಲಿಫ್ಟಿನದು. ಮೂವತ್ತು ವರ್ಷ ಜನ ಹೆಬ್ಬೆರಳಲ್ಲಿ, ಮೊಣಕೈಯಲ್ಲಿ, ಕೊಡೆಯ ತುದಿಯಲ್ಲಿ ಒತ್ತಿದ್ದಾರೆ, ಏನೂ ಆಗಿಲ್ಲ. ನಿನ್ನ ಮುಷ್ಟಿಗೂ ಏನೂ ಆಗುವುದಿಲ್ಲ. ಒತ್ತಿ ಹಿಡಿದರೆ ವೇಗ ನಿಧಾನವಾಗಿ ಏರುತ್ತದೆ. ಕೈ ಬಿಟ್ಟರೆ ತೇಲಿಕೊಂಡು ಹೋಗಿ ನಿಲ್ಲುತ್ತದೆ. ಎರಡು ಸಲ ಬೇಗಬೇಗ ತಟ್ಟಿದರೆ ಬ್ರೇಕು. ಕೆಂಪು ತಂತಿ ಗೋಡೆಯ ಕಡೆಯ ಹಳಿಗೆ, ಕಪ್ಪು ನಿನ್ನ ಕಡೆಯ ಹಳಿಗೆ. ಬೆಸುಗೆ ಹಾಕುವಾಗ ಅತ್ತಿಗೆ ಹತ್ತಿರ ಇರಲಿ.

ಆ ಹಳೆಯ ವಿಷಯ. ಹನ್ನೊಂದು ವರ್ಷ ಪ್ರತಿ ಭಾನುವಾರ ನಿನ್ನ ಮನೆಗೆ ಬಂದು ಹಲಗೆ ಕೆಳಗೆ ಮಲಗಿ ತಂತಿ ಎಳೆದವನು ನಾನು. ಎಂಜಿನ್ ಆ ತಡೆಯನ್ನು ಗುದ್ದಿ ಮೇಜಿನಿಂದ ಬೀಳಬಾರದೆಂದು ಹಳಿ ಕೆಳಗೆ ಒಂದು ರಿಲೇ ಇಟ್ಟೆ, ವೇಗ ಜಾಸ್ತಿಯಾದರೆ ಅದು ತಾನಾಗಿ ಕರೆಂಟು ಕತ್ತರಿಸುತ್ತಿತ್ತು. ನಿನಗೆ ಹೇಳಲಿಲ್ಲ. ನೀನು ಒಂದು ವರ್ಷ "ಬೆರಳಗಲದಲ್ಲಿ ನಿಲ್ಲಿಸಿದೆ ನೋಡು!" ಎಂದು ಬಂದವರಿಗೆಲ್ಲ ತೋರಿಸಿದೆ. ನೀನೇ ಹಲಗೆ ಕೆಳಗೆ ಇಣುಕಿ ರಿಲೇ ಕಾಣುವವರೆಗೆ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಲಿಫ್ಟಿನವನು ಮನುಷ್ಯರ ಕೈ ನಂಬಿ ಕೆಲಸ ಮಾಡಲಾರ. ಆದರೆ ಈ ಪೆಟ್ಟಿಗೆಯಲ್ಲಿ ಅಂಥದ್ದೇನೂ ಇಲ್ಲ.

ನಾನು ಒಮ್ಮೆ ಬರಲೇ?

ಇಂತಿ,
ನಿನ್ನ ಬ್ರೇಕ್‌ರಾಯ

*

ಮಾರ್ಚ್ 20

ಬ್ರೇಕ್‌ರಾಯ,

ನಾಲ್ಕು ಸಲ ಗುದ್ದಿದೆ. ನಾಲ್ಕನೆಯ ಸಲ ತಡೆಯ ಮರವೇ ಕಿತ್ತು ಬಂತು. ಐದನೆಯ ಸಲ ಎಂಜಿನ್ ಅಂಗೈ ಅಗಲದ ದೂರದಲ್ಲಿ ನಿಂತಿತು. ನಿನ್ನ ರಿಲೇ ಇಲ್ಲದೆ, ನನ್ನ ಕೈಯಿಂದ. ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಬೇಕಾದರೆ ನಗು.

ಬೆಸುಗೆ ಹಾಕಿದ್ದು ನಿನ್ನ ಅತ್ತಿಗೆಯೇ. ಹೊಲಿಗೆಯವಳಲ್ಲವೇ, ದಾರ ಕಡಿಯುವ ಹಾಗೆ ತಂತಿಯ ಸಿಪ್ಪೆಯನ್ನು ಹಲ್ಲಲ್ಲಿ ಸುಲಿದಳು. "ನಿಮ್ಮ ಸ್ನೇಹಿತ್ರು ಹಾಕಿದ ಬೆಸುಗೆಗಿಂತ ನಂದೇ ನೀಟಾಗಿದೆ" ಅಂದಳು. ನಿಜ.

ಬರುವುದು ಬೇಡ. ನೀನು ಬಂದರೆ ರೈಲು ನೋಡುವುದಿಲ್ಲ, ನನ್ನ ಕೈ ನೋಡುತ್ತೀಯ. ಬರುವವರೆಲ್ಲ ಅದನ್ನೇ ಮಾಡುತ್ತಾರೆ.

ಡ್ರೈವರ್

*

ಜುಲೈ 2

ಬ್ರೇಕ್‌ರಾಯನಿಗೆ,

ಇದು ಅವಳ ಕೈಬರಹ, ಮಾತು ನನ್ನದು. ಎರಡು ಕೈಯೂ ಮುಗಿದವು. ಹಾಸಿಗೆಯನ್ನು ಮೇಲಿನ ಕೋಣೆಗೇ ಹಾಕಿಸಿಕೊಂಡಿದ್ದೇನೆ, ರೈಲಿನ ಪಕ್ಕಕ್ಕೆ. ಇನ್ನು ಈ ಮೆಟ್ಟಿಲು ಇಳಿಯುವುದು ಒಂದೇ ಸಲ, ಅದೂ ನಾಲ್ಕು ಜನರ ಕೈಯಲ್ಲಿ. ಇದನ್ನು ಬರೆಯುವುದಿಲ್ಲ ಎಂದು ಹಟ ಮಾಡಿದಳು, ಬರೆಸಿದೆ.

ಬಲಗಾಲಿನ ಪಾದ ಇನ್ನೂ ಮಾತು ಕೇಳುತ್ತದೆ. ಇಪ್ಪತ್ತಾರು ವರ್ಷ ಪೆಡಲು ತುಳಿದ ಪಾದ. ಅದಕ್ಕೊಂದು ಪೆಡಲು ಮಾಡು.

ಡ್ರೈವರ್

*

ಸೆಪ್ಟೆಂಬರ್ 14

ನಿಮಗೆ,

ಈ ಪತ್ರ ಅವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಕೆಳಗೆ ಹೊಲಿಗೆ ಮಷಿನ್ನಿನ ಮೇಲೆಯೇ ಹಾಳೆ ಇಟ್ಟುಕೊಂಡಿದ್ದೇನೆ, ಮೇಲೆ ಅವರ ಕೆಮ್ಮು ಕೇಳಿಸಿದರೆ ನಿಲ್ಲಿಸಬೇಕು.

ನೀವು ಕಳಿಸಿದ ಪೆಡಲು ಆಗಸ್ಟಿನವರೆಗೆ ಚೆನ್ನಾಗಿ ನಡೆಯಿತು. ಈಗ ಪಾದ ಒತ್ತಲು ಆದರೂ ಎತ್ತಲು ಆಗುವುದಿಲ್ಲ. ಎಂಜಿನ್ ಮೂರು ಸಲ ತಡೆ ಮುರಿದು ನೆಲಕ್ಕೆ ಬಿತ್ತು. ಮುಂಭಾಗ ಜಜ್ಜಿಹೋಗಿದೆ. ಕೆಲವು ದಿನ ಒತ್ತಲೂ ಆಗದೆ ಬೆವರುತ್ತಾರೆ, ರೈಲು ಅಲ್ಲಾಡುವುದಿಲ್ಲ. ನಿನ್ನೆಯಿಂದ ಗೋಡೆಗೆ ಮುಖ ಮಾಡಿಸು ಎಂದು ಕಣ್ಣಲ್ಲೇ ಹೇಳಿ ಹಾಗೇ ಮಲಗಿದ್ದಾರೆ. ಮಾತು ಪೂರ್ತಿ ಹೋಗಿದೆ. ಗಂಜಿ ಕೊಟ್ಟರೆ ಬಾಯಿ ಬಿಡುವುದಿಲ್ಲ.

ನನಗೆ ನಿಮ್ಮಷ್ಟು ತಿಳಿಯುವುದಿಲ್ಲ. ಅವರು ಒತ್ತಿದರೂ ಒತ್ತದಿದ್ದರೂ ರೈಲು ಸರಿಯಾಗಿ ಹೋಗಿ ನಿಲ್ಲುವ ಹಾಗೆ ಮಾಡಲು ಬರುತ್ತದೆಯೇ? ಅವರಿಗೆ ತಿಳಿಯಬಾರದು. ತಾವೇ ಓಡಿಸಿದ ಹಾಗೆ ಇರಬೇಕು. ತಪ್ಪೋ ಸರಿಯೋ ಗೊತ್ತಿಲ್ಲ. ಅವರು ಒಂದು ತುತ್ತು ತಿಂದರೆ ನನಗೆ ಸಾಕು.

ನಿಮ್ಮ ಅತ್ತಿಗೆ

*

ಸೆಪ್ಟೆಂಬರ್ 29

ಅತ್ತಿಗೆ,

ಬರುತ್ತದೆ. ಬಹಳ ಸುಲಭ. ಅಷ್ಟು ಸುಲಭ ಎನ್ನುವುದೇ ನನಗೆ ಹಿಂಸೆಯಾಗುತ್ತಿದೆ.

ಇದರ ಜೊತೆ ಬೆರಳುದ್ದದ ಒಂದು ಕಂಪ್ಯೂಟರ್ ಹಲಗೆ ಇದೆ. ಎಂಜಿನ್ ತಳಕ್ಕೆ ಅಂಟಿಸಲು ಒಂದು ಚೂರು ಅಯಸ್ಕಾಂತವಿದೆ, ಹಳಿ ಕೆಳಗೆ ಇಡಲು ಆರು ಗಾಜಿನ ಕೊಳವೆಗಳಿವೆ. ಎಂಜಿನ್ ಮೇಲೆ ಹಾದಾಗ ಕೊಳವೆಯೊಳಗಿನ ತಂತಿ ಕೂಡಿಕೊಳ್ಳುತ್ತದೆ, ರೈಲು ಎಲ್ಲಿದೆಯೆಂದು ಹಲಗೆಗೆ ಗೊತ್ತಾಗುತ್ತದೆ. ನೀವು ಪಾದವನ್ನು ಪೆಡಲಿನ ಮೇಲೆ ಇಟ್ಟು ಸ್ವಿಚ್ಚು ಹಾಕಿದ ಮೇಲೆ ಅದು ಸ್ವಲ್ಪ ಕಾಯುತ್ತದೆ, ಒಂದೊಂದು ದಿನ ಒಂದೊಂದು ಹೊತ್ತು. ಆಮೇಲೆ ತಾನೇ ಹೊರಡುತ್ತದೆ, ಸುರಂಗದಲ್ಲಿ ನಿಧಾನವಾಗುತ್ತದೆ, ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಪೆಡಲಿನ ತಂತಿ ಹಲಗೆಯವರೆಗೆ ಬರುತ್ತದೆ. ಹಲಗೆ ಅದರ ಮಾತು ಕೇಳುವುದಿಲ್ಲ.

ಈ ಪತ್ರ ಒಲೆಗೆ ಹಾಕಿ.

ಇಂತಿ,
ನಿಮ್ಮ ಮೈದುನನಂಥವನು

*

ನವೆಂಬರ್ 5

ಬ್ರೇಕ್‌ರಾಯ,

ಇಪ್ಪತ್ತೊಂದು ದಿನ. ಒಂದು ತಪ್ಪಿಲ್ಲ. ಪಾದ ವಾಪಸ್ಸು ಬಂದಿದೆ. ನೀನು ಕಳಿಸಿದ ಹೊಸ ಸ್ಪ್ರಿಂಗಿನ ಕೆಲಸ ಚೆನ್ನ.

ಡ್ರೈವರ್

(ಈಗ ಬರೆಸುವುದು ಹೀಗೆ: ನಾನು ರಟ್ಟಿನ ಮೇಲೆ ಅಕ್ಷರಗಳನ್ನು ಸಾಲುಸಾಲಾಗಿ ಬರೆದಿದ್ದೇನೆ. ಸಾಲು ಮುಟ್ಟುತ್ತೇನೆ, ಆಮೇಲೆ ಅಕ್ಷರ ಮುಟ್ಟುತ್ತೇನೆ, ಬೇಕಾದಲ್ಲಿ ಅವರು ಕಣ್ಣು ಮುಚ್ಚುತ್ತಾರೆ. ಒತ್ತು, ದೀರ್ಘ ನಾನೇ ಹಾಕಿಕೊಳ್ಳುತ್ತೇನೆ. ಇಷ್ಟಕ್ಕೇ ಒಂದು ಗಂಟೆ ಹಿಡಿಯಿತು. ಮೊನ್ನೆ ಪಕ್ಕದ ಮನೆಯ ಮೇಷ್ಟ್ರನ್ನು ಕರೆಸಿ ಓಡಿಸಿ ತೋರಿಸಿದರು. ಗಂಜಿ ಕುಡಿಯುತ್ತಿದ್ದಾರೆ. ಹೊಸ ಸ್ಪ್ರಿಂಗು ಎಂದು ನಾನೇ ಸುಳ್ಳು ಹೇಳಿದೆ. — ಅತ್ತಿಗೆ)

*

ಡಿಸೆಂಬರ್ 3

ನಿನಗೆ,

ಬಸ್ಸನ್ನು ಒಂದೇ ಸ್ಟಾಪಿನಲ್ಲಿ ಸಾವಿರಾರು ಸಲ ನಿಲ್ಲಿಸಿದ್ದೇನೆ. ಎರಡು ಸಲ ಒಂದೇ ಜಾಗದಲ್ಲಿ ನಿಲ್ಲಿಸಿಲ್ಲ. ಯಾವ ಡ್ರೈವರಿಗೂ ಆಗುವುದಿಲ್ಲ. ಈ ಎಂಜಿನ್ ನಲವತ್ತೆಂಟು ದಿನ ಒಂದೇ ಕೂದಲೆಳೆಯಲ್ಲಿ ನಿಂತಿತು. ನಿನ್ನೆ ನಾನು ಪಾದಕ್ಕೆ ಏನೂ ಹೇಳಲಿಲ್ಲ. ಸುಮ್ಮನೆ ನೋಡಿದೆ. ಹೊರಟಿತು, ಹೋಯಿತು, ನಿಂತಿತು.

ಲಿಫ್ಟಿನಲ್ಲಿ ಬಾಗಿಲು ಮುಚ್ಚುವ ಗುಂಡಿಗೆ ಎಷ್ಟೋ ಕಡೆ ತಂತಿಯೇ ಇರುವುದಿಲ್ಲ, ಜನರ ಸಮಾಧಾನಕ್ಕೆ ಇಟ್ಟಿರುತ್ತಾರೆ ಎಂದು ಒಮ್ಮೆ ಹೇಳಿ ನಗಿಸಿದ್ದೆ. ನನಗೂ ಅದನ್ನೇ ಕೊಟ್ಟೆಯಾ? ಮೇಷ್ಟ್ರ ಮುಂದೆ ಮೆರೆದೆನಲ್ಲೋ.

ಬರೆಯುತ್ತಿರುವವಳೂ ಇದರಲ್ಲಿ ಸೇರಿದ್ದಾಳೆ. ಅಳುತ್ತಿದ್ದಾಳೆ. ಅಳುತ್ತಲೇ ಬರೆ ಎಂದಿದ್ದೇನೆ.

ನಿನ್ನ ಕಂಪ್ಯೂಟರ್ ಹಲಗೆ ಕೀಳಿಸಿದೆ. ಪಾದ ಮುಗಿಯಿತು. ಎಡಗೆನ್ನೆ ಒಂದಿಷ್ಟು ಆಡುತ್ತದೆ. ಅದಕ್ಕೆ ಮಾಡು. ರೈಲು ಹೋಗದಿದ್ದರೆ ಹೋಗದಿರಲಿ. ಅದು ನಿಂತರೂ ನಾನು ನಿಲ್ಲಿಸಿದ್ದಾಗಿರಬೇಕು.

ಡ್ರೈವರ್

*

ಡಿಸೆಂಬರ್ 30

ದೊರೆ,

ತಪ್ಪಾಯಿತು. ಹೋದ ಸಲ ನಾನು ಒಪ್ಪಲಿಲ್ಲ, ಈ ಸಲ ಒಪ್ಪುತ್ತೇನೆ. ಅತ್ತಿಗೆಯನ್ನು ಬೈಯಬೇಡ. ಅವರು ಕೇಳಿದ್ದು ನಿಜ, ಆದರೆ ಆಗುವುದಿಲ್ಲ ಎನ್ನಬೇಕಾದವನು ನಾನು. ನನಗೆ ಹಾಗೆನ್ನಲು ಮನಸ್ಸೇ ಇರಲಿಲ್ಲ. ನಿನ್ನ ಎಂಜಿನ್ ನೆಲಕ್ಕೆ ಬೀಳುವುದನ್ನು ಇಲ್ಲಿ ಕೂತು ನೆನೆದರೇ ನನಗೆ ಊಟ ಇಳಿಯುತ್ತಿರಲಿಲ್ಲ.

ಕನ್ನಡಕದ ಕಟ್ಟು ಕಳಿಸಿದ್ದೇನೆ, ಗಾಜಿಲ್ಲ. ಎಡಗಡೆಯ ಕಡ್ಡಿಗೆ ಎರಡು ಮಣಿಗಳಿವೆ. ಒಂದು ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಇನ್ನೊಂದು ಕೆನ್ನೆಯಿಂದ ಮರಳಿದ ಬೆಳಕನ್ನು ಅಳೆಯುತ್ತದೆ. ಕೆನ್ನೆ ಉಬ್ಬಿದರೆ ರೈಲಿಗೆ ಕರೆಂಟು, ಇಳಿದರೆ ಇಲ್ಲ. ಕೊಳವೆಗಳಿಲ್ಲ, ಅಯಸ್ಕಾಂತ ಬೇಡ, ತಡೆಯ ಹತ್ತಿರ ಏನೂ ಇಲ್ಲ. ಪ್ರೋಗ್ರಾಂ ಇರುವುದು ಹನ್ನೊಂದು ಸಾಲು. ಅಷ್ಟನ್ನೂ ಬೇರೆ ಹಾಳೆಯಲ್ಲಿ ಬರೆದು, ಒಂದೊಂದು ಸಾಲಿನ ಮುಂದೆ ಅದು ಏನು ಮಾಡುತ್ತದೆಂದು ಬರೆದಿದ್ದೇನೆ. ಪಕ್ಕದ ಮನೆಯ ಮೇಷ್ಟ್ರಿಂದ ಓದಿಸು. ಹನ್ನೆರಡನೆಯ ಸಾಲು ಕಂಡರೆ ನನ್ನ ಮುಖಕ್ಕೆ ಉಗಿ.

ಇಂತಿ,
ಬ್ರೇಕ್‌ರಾಯ ಎಂದು ನೀನು ಸರಿಯಾಗಿಯೇ ಕರೆದವನು

*

ಜನವರಿ 28

ನಿಮಗೆ,

ಮೇಷ್ಟ್ರು ಹನ್ನೊಂದು ಸಾಲನ್ನೂ ಜೋರಾಗಿ ಓದಿದರು. ಇವರು ಕೇಳಿ ಕಣ್ಣು ಮುಚ್ಚಿದರು, ಒಪ್ಪಿಗೆ ಎಂದು. ಅಂದಿನಿಂದ ಹತ್ತೊಂಬತ್ತು ದಿನ ಆಯಿತು. ರೈಲು ಒಂದು ನೂಲು ಅಲ್ಲಾಡಿಲ್ಲ.

ಬೆಳಿಗ್ಗೆ ಹತ್ತಕ್ಕೆ ಕನ್ನಡಕ ಹಾಕಿ, ಬಟ್ಟೆಯಿಂದ ಹಳಿ ಒರೆಸಿ, ಸ್ವಿಚ್ಚು ಹಾಕುತ್ತೇನೆ. ಹನ್ನೆರಡರವರೆಗೆ ಪ್ರಯತ್ನ ಮಾಡುತ್ತಾರೆ. ಕೆನ್ನೆ ನಡುಗುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತದೆ, ಎಂಜಿನ್ ಸ್ಟೇಷನ್ನಿನಲ್ಲಿ ನಿಂತೇ ಇರುತ್ತದೆ. ಅವರ ಪಕ್ಕ ಕೂತು ಗುಂಡಿ ಹೊಲಿಯುತ್ತೇನೆ. ಎದ್ದು ಒಂದು ಬೆರಳಿನಿಂದ ತಳ್ಳಿಬಿಡೋಣ ಅನ್ನಿಸುತ್ತದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ.

ಕನ್ನಡಕವನ್ನು ಇನ್ನಷ್ಟು ಸೂಕ್ಷ್ಮ ಮಾಡಲೇ ಎಂದು ಮೊನ್ನೆಯ ಕಾರ್ಡಿನಲ್ಲಿ ಕೇಳಿದ್ದೀರಿ. ಅವರಿಗೆ ಓದಿ ಹೇಳಿದೆ. ಎರಡು ಸಲ ಕಣ್ಣು ಮಿಟುಕಿಸಿದರು. ಹಾಗೆಂದರೆ ಬೇಡ. ಇನ್ನು ನಾನೂ ನಿಮ್ಮನ್ನು ಏನೂ ಕೇಳುವುದಿಲ್ಲ.

ಅತ್ತಿಗೆ

*

ಫೆಬ್ರವರಿ 17

ನಿಮಗೆ,

ಇವತ್ತು ಹೋಯಿತು. ಹನ್ನೊಂದೂಕಾಲಿಗೆ. ಮೊದಲು ಒಂದು ಸಣ್ಣ ಗುಂಯ್ ಶಬ್ದ ಬಂತು, ಫ್ಯಾನಿನದೇನೋ ಎಂದುಕೊಂಡೆ. ತಿರುಗಿದರೆ ಎಂಜಿನ್ ಸ್ಟೇಷನ್ ಬಿಟ್ಟಿತ್ತು. ಆಮೆಯ ಹಾಗೆ ಸುರಂಗದೊಳಕ್ಕೆ ಹೋಯಿತು, ಆ ಕಡೆಯಿಂದ ಹೊರಗೆ ಬಂತು, ಇನ್ನೂ ಸ್ವಲ್ಪ ದೂರ ಹೋಗಿ ನಿಂತಿತು. ಮುಂದಿನ ಸ್ಟೇಷನ್ ಇನ್ನೂ ದೂರವಿತ್ತು.

ಶಕ್ತಿ ಸಾಲಲಿಲ್ಲವೇನೋ ಎಂದು ನನಗೆ ಸಂಕಟವಾಯಿತು. "ಸುಸ್ತಾಯ್ತಾ?" ಎಂದು ಕೇಳಿದೆ. ಎರಡು ಸಲ ಮಿಟುಕಿಸಿದರು. "ಮತ್ತೆ ನೀವೇ ನಿಲ್ಲಿಸಿದ್ರಾ?" ಎಂದೆ. ಕಣ್ಣು ಮುಚ್ಚಿದರು, ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ರಟ್ಟು ತರಿಸಿ ಬರೆಸಿದರು: "ಅಲ್ಲೇ ಇರಲಿ."

ನಾನು ಸ್ವಿಚ್ಚು ತೆಗೆದೆ. ಕನ್ನಡಕವನ್ನೂ ತೆಗೆ, ನಾಳೆ ಬೇಡ ಎಂದು ಅದೇ ರಟ್ಟಿನಲ್ಲಿ ಬರೆಸಿದರು. ಉಸಿರು ಎರಡು ದಿನದಿಂದ ಚೆನ್ನಾಗಿಲ್ಲ. ಆದರೂ ಇಷ್ಟು ತಿಂಗಳಲ್ಲಿ ಇವತ್ತು ಅವರ ಮುಖ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ನಿಮಗೆ ತಿಳಿಸಬೇಕು ಅನ್ನಿಸಿತು.

ಅತ್ತಿಗೆ

*

ಮಾರ್ಚ್ 6

ನಿಮಗೆ,

ಅವರು ಹೋದ ದಿನ ಫೋನು ಮಾಡಿದ ತಕ್ಷಣ ಬಂದಿರಿ, ಕೊನೆಯವರೆಗೂ ಹೆಗಲು ಕೊಟ್ಟಿರಿ. ಅದನ್ನು ನಾನು ಮರೆಯುವುದಿಲ್ಲ.

ಅವರನ್ನು ಕೆಳಗೆ ಇಳಿಸಿದ ಮೇಲೆ ನೀವೊಬ್ಬರೇ ಮೇಲಕ್ಕೆ ಹೋಗಿ ಹತ್ತು ನಿಮಿಷ ಇದ್ದು ಬಂದಿರಿ. ಎಲ್ಲರೂ ಹೊರಟ ಮೇಲೆ ನಾನು ಹೋಗಿ ನೋಡಿದೆ. ಎಂಜಿನ್ ಆ ಕಡೆಯ ಸ್ಟೇಷನ್ನಿನಲ್ಲಿತ್ತು. ಡಬ್ಬಿಯ ಬಾಗಿಲು ಪ್ಲಾಟ್‌ಫಾರ್ಮಿಗೆ ಸರಿಯಾಗಿ ಕೂತಿತ್ತು.

ಅದನ್ನು ವಾಪಸ್ಸು ಇಡಬೇಕು. ಎಲ್ಲಿ ಎಂದು ನನಗೆ ತಿಳಿಯುತ್ತಿಲ್ಲ. ಅದು ಅಲ್ಲೇ ಇರುತ್ತದೆಂದು ನಾನು ಗುರುತು ಹಾಕಿಕೊಂಡಿರಲಿಲ್ಲ. ಅದು ನಿಂತ ಮೇಲೆ ಅವರು ಇದ್ದ ಮೂರು ದಿನ ಅವರ ಮುಖ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಸುರಂಗದಿಂದ ಆಚೆಗೆ ಎಂದು ಗೊತ್ತು, ಅಷ್ಟೇ. ದಿನಾ ಬೇರೆ ಬೇರೆ ಜಾಗದಲ್ಲಿ ಇಟ್ಟು ಹಾಸಿಗೆಯ ಮೇಲೆ ಅವರ ದಿಂಬಿಗೆ ತಲೆಯಿಟ್ಟು ನೋಡುತ್ತೇನೆ. ಎಲ್ಲಿಟ್ಟರೂ ನಾನು ಇಟ್ಟ ಹಾಗೇ ಕಾಣುತ್ತದೆ.

ನೀವು ಅಳತೆಯವರು. ಎಲ್ಲಿತ್ತು ಎಂದು ನಿಮಗೆ ನೆನಪಿರಬೇಕು. ಎಷ್ಟು ಇಂಚು ಎಂದು ಬರೆದು ಕಳಿಸಿ. ನೀವು ಬರುವುದು ಬೇಡ.

ಅತ್ತಿಗೆ

*

ಮಾರ್ಚ್ 15

ಅತ್ತಿಗೆ,

ಹೌದು, ನಾನೇ.

ಟ್ರಾನ್ಸ್‌ಫಾರ್ಮರಿನ ವೈರು ತೆಗೆಯೋಣ, ಜನ ಓಡಾಡುವ ಮನೆ, ಯಾರಿಗಾದರೂ ತಗುಲೀತು ಎಂದು ಮೇಲೆ ಹೋದೆ. ಎಂಜಿನ್ ದಾರಿಯ ನಡುವೆ ನಿಂತಿತ್ತು. ಪಾಪ, ಸ್ಟೇಷನ್ ಮುಟ್ಟಲು ಆಗಲಿಲ್ಲ ಇವನಿಗೆ ಎಂದು ಅಳು ಒತ್ತರಿಸಿ ಬಂತು. ಬೆರಳಿನಿಂದ ತಳ್ಳಿದೆ. ಸ್ಟೇಷನ್ನಿಗೆ ತಂದು ಬಾಗಿಲು ಸರಿಮಾಡಿದೆ. ಸ್ನೇಹಿತನಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಮನಸ್ಸು ಹಗುರಾಗಿ ಕೆಳಗೆ ಇಳಿದು ಬಂದೆ. ನಿಮ್ಮ ಹದಿನೇಳನೆಯ ತಾರೀಖಿನ ಪತ್ರ ನನಗೆ ಸಿಕ್ಕಿದ್ದು ಎಲ್ಲ ಮುಗಿಸಿ ಮನೆಗೆ ಬಂದ ಮೇಲೆ, ಬಾಗಿಲ ಸಂದಿಯಲ್ಲಿ. ಅದನ್ನು ಓದಿಯೂ ನಿಮಗೆ ಹೇಳುವ ಧೈರ್ಯ ಬರಲಿಲ್ಲ. ನೀವು ಗಮನಿಸುವುದಿಲ್ಲ ಎಂದುಕೊಂಡೆ.

ಪತ್ರ ಮೊದಲೇ ಸಿಕ್ಕಿದ್ದರೆ ತಳ್ಳುತ್ತಿರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದೂ ಖಂಡಿತವಾಗಿ ಗೊತ್ತಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ಒಂದು ವಾರ ಕೂತೆ. ರೈಲಿನ ಹಲಗೆಯ ನಕ್ಷೆ ಬರೆದೆ, ಸುರಂಗದ ಬಾಯಿಂದ ಸ್ಟೇಷನ್ನಿಗೆ ಇಪ್ಪತ್ತೆರಡು ಇಂಚು, ಅದು ಬಾಯಿಪಾಠ ಬರುತ್ತದೆ. ಅದರಲ್ಲಿ ಅವನು ನಿಲ್ಲಿಸಿದ್ದು ಎಲ್ಲಿ ಎಂದು ಮಾತ್ರ ನೆನಪಿಗೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಎಂಜಿನ್ ಸ್ಟೇಷನ್ನಿನಲ್ಲೇ ಕಾಣುತ್ತದೆ. ಸುಮ್ಮನೆ ಒಂದು ಅಳತೆ ಬರೆದು ಕಳಿಸಿದರೆ ನೀವು ನಂಬುತ್ತಿದ್ದಿರಿ, ನಿಮಗೆ ಸಮಾಧಾನವೂ ಆಗುತ್ತಿತ್ತು. ಒಂಬತ್ತೂವರೆ ಎಂದು ಬರೆದೂ ಬರೆದಿದ್ದೆ. ಆ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ನನಗೆ ಗೊತ್ತಿಲ್ಲ, ಅತ್ತಿಗೆ. ನಾನು ನೋಡಲಿಲ್ಲ.

ಇಂತಿ,
ಲಿಫ್ಟ್ ಮೆಕ್ಯಾನಿಕ್